ಚದುರಂಗದ ಹಬ್ಬಕ್ಕೆ ಲೆಕ್ಕ ಯಾರು ಕೇಳಬೇಕು?



ಸೌಕಾರ್‌ಪೇಟೆಯ ನಾವು ಲೆಕ್ಕ ಬರೆದೇ ಬದುಕಿದವರು. ಸರಕಾರದ ಖರ್ಚನ್ನೂ ಅದೇ ಕಣ್ಣಿನಿಂದ ನೋಡೋಣ. 2022ರ ಚೆಸ್ ಒಲಿಂಪಿಯಾಡ್ ರಷ್ಯಾದಲ್ಲಿ ನಡೆಯಬೇಕಿತ್ತು. ಉಕ್ರೇನ್ ಯುದ್ಧದಿಂದ ಅದು ಅಲ್ಲಿ ಕೈತಪ್ಪಿದಾಗ ತಮಿಳುನಾಡು ನಾಲ್ಕೇ ತಿಂಗಳಲ್ಲಿ ಸಜ್ಜಾಯಿತು. ಮಂಜೂರಾದ ಹಣ 92 ಕೋಟಿ ರೂಪಾಯಿಗೂ ಹೆಚ್ಚು. ಉದ್ಘಾಟನೆ ನಮಗೆ ಸಮೀಪದ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ, ಪಂದ್ಯಗಳು ಮಾಮಲ್ಲಪುರದಲ್ಲಿ. ನೇಪಿಯರ್ ಸೇತುವೆಗೆ ಚದುರಂಗದ ಮನೆಗಳಂತೆ ಕಪ್ಪು-ಬಿಳುಪು ಬಣ್ಣ ಬಳಿದರು. ಮಕ್ಕಳೊಡನೆ ನಾನೂ ನಿಂತು ನೋಡಿದೆ, ಸುಳ್ಳೇಕೆ!

ಮಳೆ ಬಂದರೆ ಓಣಿಯಲ್ಲಿ ನೀರು ನಿಲ್ಲುವ ನಮಗೆ ಈ ಮೊತ್ತ ಚುಚ್ಚುವುದು ಸಹಜ. ಆದರೂ 2010ರ ದೆಹಲಿಯ ಕಾಮನ್‌ವೆಲ್ತ್ ಕೂಟವನ್ನು ನೆನೆಯಿರಿ: ಸಾವಿರಾರು ಕೋಟಿ ವೆಚ್ಚ, ಬೆನ್ನಿಗೇ ಲೆಕ್ಕಪರಿಶೋಧಕರ ಆಕ್ಷೇಪ. ಚದುರಂಗಕ್ಕೆ ಹೊಸ ಕ್ರೀಡಾಂಗಣ ಬೇಡ, ಮೇಜು ಕುರ್ಚಿ ಸಾಕು. ಆದ್ದರಿಂದ ನಾನು ಈ ಖರ್ಚನ್ನು ವಿರೋಧಿಸಲಾರೆ.

ನಮ್ಮೂರಿನ ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನು ಈ ಖರ್ಚಿನ ಜಮೆಗೆ ಬರೆಯುವುದು ಮಾತ್ರ ತಪ್ಪು. ಆತ 2019ರಲ್ಲೇ ಗ್ರ್ಯಾಂಡ್‌ಮಾಸ್ಟರ್. ಕಾರ್ಪೊರೇಷನ್ ಶಾಲೆಗಳಲ್ಲಿ ಇಂದು ಎಷ್ಟು ಚದುರಂಗದ ಮಣೆಗಳಿವೆ, ಆಟ ಕಲಿಸುವ ಶಿಕ್ಷಕರೆಷ್ಟು? ಮುಂದಿನ ಕೂಟದ ಘೋಷಣೆಗೆ ಮೊದಲು ಇದನ್ನು ನಮ್ಮ ವಾರ್ಡಿನ ಸದಸ್ಯರಲ್ಲಿ ಲಿಖಿತವಾಗಿ ಕೇಳೋಣ; ಅರ್ಜಿಗೆ ಮೊದಲ ಸಹಿ ನನ್ನದು.