ಡೇರಿಯ ಮೇಜಿನ ಮೇಲಿನ ಇಲಿ
(ಸಂಘಗಳ ಸದಸ್ಯರು ಮತ್ತು ಕಾರ್ಯದರ್ಶಿಗಳ ತರಬೇತಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂಡಿ, ಹಸಿಮೇವು, ಕೃತಕ ಗರ್ಭಧಾರಣೆ, ಕೆಚ್ಚಲು ಬಾವು ಇವುಗಳ ಬಗ್ಗೆ ಇಂಥ ಸಭೆಗಳಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಮಾತಾಡುವುದು ಕೊಟ್ಟಿಗೆಯ ವಿಷಯವಲ್ಲ. ನಿಮ್ಮ ಸಂಘದ ಮೇಜಿನ ಮೇಲೆ ಬಾಲ ಚಾಚಿಕೊಂಡು ಕುಳಿತಿರುತ್ತದಲ್ಲ, ಆ ಕಂಪ್ಯೂಟರ್ ಮೌಸ್ ಬಗ್ಗೆ. "ಅದು ಕಾರ್ಯದರ್ಶಿಯ ಕೆಲಸ, ನಮಗ್ಯಾಕ ಬೇಕರಿ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ನಿಮಗೆ ಯಾಕೆ ಬೇಕು ಎಂಬುದನ್ನೇ ಮೊದಲು ಹೇಳುತ್ತೇನೆ.

ಹಿಂದೆ ಹಾಲಿನ ಜಿಡ್ಡು ನೋಡಬೇಕಾದರೆ ಗರ್ಬರ್ ಪದ್ಧತಿಯಲ್ಲಿ ಗಂಧಕಾಮ್ಲ ಹಾಕಿ, ಗಾಜಿನ ಕೊಳವೆಯನ್ನು ಯಂತ್ರದಲ್ಲಿಟ್ಟು ತಿರುಗಿಸಿ, ಗೆರೆ ಓದಿ ವಹಿಯಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಹೊಡೆದುಹಾಕಿದ ಗುರುತು ಕಾಗದದ ಮೇಲೆ ಉಳಿಯುತ್ತಿತ್ತು. ಈಗ ಸ್ವಯಂಚಾಲಿತ ಹಾಲು ಸಂಗ್ರಹಣಾ ಘಟಕವಿರುವ ಸಂಘಗಳಲ್ಲಿ ತೂಕವೂ ಜಿಡ್ಡೂ ತಂತಿಯ ಮೂಲಕ ನೇರವಾಗಿ ಕಂಪ್ಯೂಟರಿಗೆ ಹೋಗುತ್ತವೆ. ಮನುಷ್ಯನ ಕೈಯಲ್ಲಿ ಮುಖ್ಯವಾಗಿ ಉಳಿದಿರುವುದು ಎರಡು: ಈ ಹಾಲು ಯಾವ ಸದಸ್ಯರದ್ದು ಎಂಬುದು, ಮತ್ತು ಅದು ಆಕಳದ್ದೋ ಎಮ್ಮೆಯದ್ದೋ ಎಂಬುದು. ಎರಡಕ್ಕೂ ದರಪಟ್ಟಿ ಬೇರೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನಕ್ಕೂ ಯಾರ ಹೆಸರಿಗೆ ಎಷ್ಟು ಲೀಟರ್ ಎಂಬ ಲೆಕ್ಕವೇ ಆಧಾರ. ಬಾಣದ ಗುರುತು ಒಂದು ಸಾಲು ಕೆಳಗೆ ಜಾರಿದರೆ ನಿಮ್ಮ ಹಾಲು ಪಕ್ಕದವರ ಹೆಸರಿಗೆ ಹೋಗಬಹುದು.

ಹೀಗೆ ಜಾರುವುದೇಕೆ? ಇದನ್ನು ತಿಳಿಯಲು ಆ ಇಲಿಯ ಹೊಟ್ಟೆಯೊಳಗೆ ಏನಿದೆ ಎಂದು ನೋಡಬೇಕು.

ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರರ ತಂಡ 1964ರ ಹೊತ್ತಿಗೆ ಮಾಡಿದ ಮೊದಲ ಮೌಸ್ ಒಂದು ಕಟ್ಟಿಗೆಯ ಡಬ್ಬಿ. ಕೆಳಗೆ ಎರಡು ಗಾಲಿ, ಮೇಲೆ ಒಂದೇ ಗುಂಡಿ. ಆಮೇಲೆ ಹೊಟ್ಟೆಯಲ್ಲಿ ರಬ್ಬರಿನ ಉಂಡೆ ಇರುವ ಮೌಸ್ ಬಂತು. ಹಿಂಡಿಯ ಪುಡಿ, ಎರಿ ಮಣ್ಣಿನ ಧೂಳು ಒಳಗೆ ಸೇರಿ ಅದು ವಾರಕ್ಕೊಮ್ಮೆ ಹಟ ಹಿಡಿಯುತ್ತಿತ್ತು. ಉಂಡೆ ತೆಗೆದು ಉಗುರಿನಿಂದ ಕೊಳೆ ಕೆರೆದ ನೆನಪು ಹಳೆಯ ಕಾರ್ಯದರ್ಶಿಗಳಿಗೆ ಇದ್ದೀತು. 1999ರಿಂದೀಚೆಗೆ ಬೆಳಕಿನ ಮೌಸ್ ಎಲ್ಲ ಕಡೆ ಹರಡಿತು. ಇದನ್ನೇ ಆಪ್ಟಿಕಲ್ ಮೌಸ್ ಎನ್ನುತ್ತಾರೆ.

ಇದನ್ನು ಬೋರಲು ಹಾಕಿದರೆ ಕೆಂಪು ದೀಪ ಕಾಣುತ್ತದೆ. ಕೆಲವು ಮೌಸ್‌ಗಳಲ್ಲಿ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅಷ್ಟಕ್ಕೆ ಕೆಟ್ಟಿದೆ ಎಂದು ಎಸೆಯಬೇಡಿ. ದೀಪದ ಪಕ್ಕದಲ್ಲಿ ಸಣ್ಣ ಕ್ಯಾಮೆರಾ ಇದೆ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಕೆಳಗಿನ ಜಾಗದ ಚಿತ್ರ ತೆಗೆಯುತ್ತದೆ. ಹಿಂದಿನ ಚಿತ್ರವನ್ನೂ ಈಗಿನ ಚಿತ್ರವನ್ನೂ ಹೋಲಿಸಿ, ಎಷ್ಟು ಸರಿದೆ, ಯಾವ ಕಡೆಗೆ ಸರಿದೆ ಎಂದು ಲೆಕ್ಕ ಹಾಕುತ್ತದೆ. ಚಕ್ಕಡಿಯಲ್ಲಿ ಕುಳಿತು ಕೆಳಗೆ ನೋಡಿದರೆ ದಾರಿಯ ಹರಳುಗಳು ಹಿಂದಕ್ಕೆ ಹೋಗುತ್ತವಲ್ಲ, ಅದರಿಂದ ಬಂಡಿ ಮುಂದೆ ಹೋಗುತ್ತಿದೆ ಎಂದು ನಿಮಗೆ ತಿಳಿಯುತ್ತದಲ್ಲ, ಹಾಗೆಯೇ. ಹರಳೇ ಇಲ್ಲದ ದಾರಿಯಾದರೆ? ಇಲಿಗೆ ದಿಕ್ಕು ತಪ್ಪುತ್ತದೆ.

ನಮ್ಮ ಭಾಗದಲ್ಲಿ ಈ ತೊಂದರೆ ಹೆಚ್ಚು, ಯಾಕೆಂದರೆ ನಮ್ಮಲ್ಲಿ ಕಲ್ಲು ಚೆನ್ನಾಗಿದೆ! ಇಳಕಲ್ಲಿನ ಕೆಂಪು ಗ್ರಾನೈಟಿಗೆ ದೇಶದಾಚೆಯೂ ಬೇಡಿಕೆ ಇದೆ. ಸಂಘದ ಕಟ್ಟಡ ಕಟ್ಟುವಾಗ ಮೇಜಿನ ಮೇಲೆ ಒಂದು ಹಾಸು ಹಾಕಿಸೋಣ ಎನ್ನುವುದು ಸಹಜ. ತೊಳೆಯಲು ಅನುಕೂಲ, ನೋಡಲೂ ಚೆಂದ. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲು ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಕ್ಯಾಮೆರಾಕ್ಕೆ ಗುರುತು ಹಿಡಿಯಲು ಹರಳು ಸಿಗುವುದಿಲ್ಲ. ಬಾಣ ಅಲ್ಲಲ್ಲೇ ನಿಲ್ಲುತ್ತದೆ ಅಥವಾ ಇದ್ದಕ್ಕಿದ್ದಂತೆ ಹಾರುತ್ತದೆ. ಮೇಜಿನ ಮೇಲೆ ಗಾಜು ಹಾಸಿದ್ದರೂ ಇದೇ ಗತಿ. ಬಾದಾಮಿಯ ಮರಳುಗಲ್ಲಿನಲ್ಲಾದರೆ ಕಣ್ಣಿಗೆ ಕಾಣುವಷ್ಟು ಕಣಗಳಿವೆ, ಇಲಿಗೆ ದಾರಿ ತಿಳಿಯುತ್ತದೆ. ಆದರೆ ಒರಟು ಕಲ್ಲಿನ ಮೇಲೆ ಎಳೆದಾಡಿದರೆ ಅದರ ಕಾಲು ಸವೆಯುತ್ತದೆ.

ಹುನಗುಂದದ ಕಡೆಯ ಒಂದು ಸಂಘದಲ್ಲಿ ಹೊಸ ಮೇಜು ಬಂದ ಮೇಲೆ ಬಾಣ ಕುಣಿಯತೊಡಗಿತು. ಕಂಪ್ಯೂಟರ್ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಿದರು, ಎರಡು ದಿನ ಕೈಬರಹದ ವಹಿ ನಡೆಯಿತು, ಬಟವಾಡೆ ತಡವಾಯಿತು. ಕೊನೆಗೆ ಮೌಸಿನ ಕೆಳಗೆ ಹಳೆಯ ವಹಿಯ ರಟ್ಟು ಇಟ್ಟರು. ಸರಿಹೋಯಿತು. ಮೌಸ್ ಪ್ಯಾಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೊಳಪಿಲ್ಲದ ರಟ್ಟು ಸಾಕು. ಬಟ್ಟೆ ಹಾಸಬೇಡಿ, ಮಡಿಕೆ ಬೀಳುತ್ತದೆ. ಇಳಕಲ್ ಸೀರೆಯ ತುಂಡನ್ನು ಅದಕ್ಕೆ ಹಾಸಿದ್ದನ್ನೂ ನೋಡಿದ್ದೇನೆ. ಅಂಥ ನೇಯ್ಗೆಗೆ ಅದು ಮರ್ಯಾದೆಯೂ ಅಲ್ಲ.

ಬಾಣ ನಿಂತಲ್ಲೇ ನಡುಗಿದರೆ ಮೌಸನ್ನು ಬೋರಲು ಹಾಕಿ ದೀಪದ ಕಿಂಡಿ ನೋಡಿ. ಬಹಳ ಸಲ ಅಲ್ಲಿ ಒಂದು ಕೂದಲು ಸಿಕ್ಕಿರುತ್ತದೆ. ಡೇರಿಯಲ್ಲಿ ಅದು ಎಮ್ಮೆಯ ಕೂದಲೇ ಇರಬೇಕು. ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ, ನೀರು ಹಾಕಬೇಡಿ. ಹಾಲು ಅಳೆದ ಒದ್ದೆ ಕೈಯಿಂದ ಹಿಡಿಯಲೂಬೇಡಿ.

ಇನ್ನು ಎರಡು ಮಾತು ಬಟವಾಡೆಗೆ ಸಂಬಂಧಿಸಿದ್ದು, ಗಮನವಿಟ್ಟು ಕೇಳಿ. ಮೌಸಿನ ನಡುವೆ ಒಂದು ಗಾಲಿ ಇದೆ. ಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಅದನ್ನು ತಿರುಗಿಸುತ್ತೇವೆ. ಆದರೆ ಆಗಷ್ಟೇ "ಎಮ್ಮೆ" ಎಂದು ಆರಿಸಿದ ಚೌಕದಿಂದ ಹೊರಗೆ ಬರದೆ ಗಾಲಿ ತಿರುಗಿಸಿದರೆ, ಕೆಲವು ತಂತ್ರಾಂಶಗಳಲ್ಲಿ ಪಟ್ಟಿ ಸರಿಯುವ ಬದಲು "ಎಮ್ಮೆ" ಹೋಗಿ "ಆಕಳು" ಬಂದುಬಿಡುತ್ತದೆ. ಸದ್ದಿಲ್ಲ, ಎಚ್ಚರಿಕೆಯಿಲ್ಲ. ಆದ್ದರಿಂದ ಕಾರ್ಯದರ್ಶಿಗಳು ಆರಿಸಿದ ಮೇಲೆ ಬೇರೆ ಕಡೆ ಒಮ್ಮೆ ಒತ್ತಿ, ಆಮೇಲೆ ಗಾಲಿ ಮುಟ್ಟಬೇಕು. ಎರಡನೆಯದು ಗುಂಡಿಯ ಸವೆತ. ವರ್ಷಗಟ್ಟಲೆ ಬಳಸಿದ ಮೌಸಿನ ಎಡಗುಂಡಿಯ ಒಳಗಿನ ಸ್ವಿಚ್ ಸವೆದು, ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಒಂದೇ ನಮೂದು ಎರಡು ಸಲ ಬೀಳುವ ಸಂಭವ ಉಂಟು. ಅಂಥದ್ದನ್ನು ರಿಪೇರಿ ಮಾಡಿಸುತ್ತ ಕೂಡಬೇಡಿ. ತಂತಿಯ ಸಾದಾ ಮೌಸಿನ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಬಾಗಲಕೋಟೆಗೆ ಹೋದಾಗ ಒಂದನ್ನು ತಂದು ಕಪಾಟಿನಲ್ಲಿ ಇಡಿ, ಬಿಲ್ಲು ಕೇಳಿ ಪಡೆಯಿರಿ.

ತಂತಿ ಇಲ್ಲದ ಮೌಸ್ ತರಬಾರದೇ ಎಂದು ಹುಡುಗರು ಕೇಳುತ್ತಾರೆ. ತರಬಹುದು. ಆದರೆ ಬೆಳಗಿನ ಪಾಳಿಯಲ್ಲಿ ಕ್ಯಾನು ಹಿಡಿದು ಜನ ನಿಂತಿರುವಾಗ ಅದರ ಸೆಲ್ಲು ಮುಗಿದರೆ ಸೆಲ್ಲು ಎಲ್ಲಿಂದ ತರುತ್ತೀರಿ? ತಂತಿಯದಕ್ಕೆ ವಿದ್ಯುತ್ತು ಕಂಪ್ಯೂಟರಿನಿಂದಲೇ ಬರುತ್ತದೆ. ದೀಪ ಹತ್ತದಿದ್ದರೆ ತುದಿಯನ್ನು ಕಿತ್ತು ಬೇರೆ ಕಿಂಡಿಗೆ ಹಾಕಿ ನೋಡಿ. ಅಷ್ಟಕ್ಕೂ ಹತ್ತದಿದ್ದರೆ ತಂತಿಯನ್ನು ಬೆರಳಿನಿಂದ ಸವರುತ್ತ ಬನ್ನಿ. ಪಶು ಆಹಾರದ ಚೀಲ ಅದೇ ಕೋಣೆಯಲ್ಲಿದ್ದರೆ ನಿಜವಾದ ಇಲಿ ಈ ಇಲಿಯ ಬಾಲ ಕಡಿದಿರುತ್ತದೆ. ತಂತಿಯನ್ನು ನೆಲಕ್ಕೆ ಬಿಡದೆ ಮೇಜಿನ ಮೇಲೆಯೇ ಸುತ್ತಿ ಇಡಿ.

ಸದಸ್ಯರ ಪಾಲಿನ ಕೆಲಸ ಇಷ್ಟೇ. ಹಾಲು ಹಾಕಿದ ಮೇಲೆ ಚೀಟಿಯನ್ನು ಸೆರಗಿಗೆ, ಕಿಸೆಗೆ ಸೇರಿಸುವ ಮೊದಲು ನಾಲ್ಕು ವಿಷಯ ಓದಿ: ನಿಮ್ಮ ಸಂಖ್ಯೆ, ಆಕಳೋ ಎಮ್ಮೆಯೋ, ಲೀಟರು, ಜಿಡ್ಡು. ಓದಲು ಬಾರದವರು ಮಕ್ಕಳ ಕೈಗೆ ಕೊಡಿ. ತಪ್ಪು ಕಂಡರೆ ಅದೇ ಪಾಳಿಯಲ್ಲಿ, ಅಲ್ಲೇ ನಿಂತು ಹೇಳಿ. ಬಟವಾಡೆಯ ದಿನ ಹೇಳಿದರೆ ಕಾರ್ಯದರ್ಶಿಗೆ ಹುಡುಕುವುದೂ ಕಷ್ಟ, ಜಗಳವೂ ದೊಡ್ಡದಾಗುತ್ತದೆ.

ಈಗ ಆ ಮೂಲೆಯ ಮೇಜಿನ ಮೇಲೆ ಎರಡು ಮೌಸ್ ಇಟ್ಟಿದ್ದೇವೆ, ಒಂದು ಪಾಲಿಶ್ ಕಲ್ಲಿನ ಮೇಲೆ, ಇನ್ನೊಂದು ರಟ್ಟಿನ ಮೇಲೆ. ಅಂಗೈ ಸಡಿಲ ಬಿಡಿ, ಮೊಸರಿನ ಗಡಿಗೆಯ ಮೇಲೆ ಕೈಯಿಟ್ಟಂತೆ. ತೋರುಬೆರಳು ಎಡಗುಂಡಿಯ ಮೇಲೆ ಇರಲಿ. ಎರಡನ್ನೂ ಸರಿಸಿ, ಬಾಣ ಹೇಗೆ ಹೋಗುತ್ತದೆ ನೀವೇ ನೋಡಿ. ಇಬ್ಬಿಬ್ಬರಾಗಿ ಬನ್ನಿ. ಮೊದಲು ತಾಯಂದಿರು ಬರಲಿ, ಸಂಜೆಯ ಹಾಲು ಕರೆಯಲು ಅವರಿಗೆ ಹೊತ್ತಾಗುತ್ತದೆ.