ಹ್ಯಾಂಪ್ಟನ್ನನ ಕಚೇರಿ



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಅಧ್ಯಾತ್ಮ ಮತ್ತು ಗುರುವಿಲ್ಲದೆ ಕಲಿತ ಕಲಾವಿದರು’ ಎಂದು ಅಚ್ಚಾಗಿದೆ. ಅಷ್ಟು ಅಗಲದ ವಿಷಯಕ್ಕೆ ಈ ಸಂಜೆ ಸಾಲದು, ನನ್ನ ಶಕ್ತಿಯಂತೂ ಸಾಲುವುದೇ ಇಲ್ಲ. ಹಾಗಾಗಿ ಹೆಚ್ಚಾಗಿ ಒಬ್ಬನೇ ಮನುಷ್ಯನ ಬಗ್ಗೆ ಮಾತಾಡುತ್ತೇನೆ. ಅವನ ವಿಚಾರದಲ್ಲಿ ನನಗೂ ನನ್ನ ಸ್ನೇಹಿತರೊಬ್ಬರಿಗೂ ಬಹಳ ಕಾಲದಿಂದ ತಕರಾರಿದೆ. ಅವರು ಸಭೆಯಲ್ಲೇ ಕೂತಿದ್ದಾರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಈಗಲೇ ಎದ್ದು ನಿಂತು ಮಾತು ಶುರು ಮಾಡುತ್ತಾರೆ.

ಆ ಮನುಷ್ಯ ಜೇಮ್ಸ್ ಹ್ಯಾಂಪ್ಟನ್. 1909ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಎಲ್ಲೊರಿ ಎಂಬ ಸಣ್ಣ ಊರಿನಲ್ಲಿ, ಒಂದು ಕಪ್ಪು ಕುಟುಂಬದಲ್ಲಿ ಹುಟ್ಟಿದ. ತಂದೆ ಊರೂರು ತಿರುಗುವ ಬೋಧಕ, ಭಕ್ತಿಗೀತೆಗಳ ಹಾಡುಗಾರ. ಸಂಸಾರ ಬಿಟ್ಟು ಹೋದವನು. ಮಗ ಅಣ್ಣನನ್ನು ನಂಬಿ ವಾಷಿಂಗ್ಟನ್ನಿಗೆ ಬಂದ, ಹೋಟೆಲಿನಲ್ಲಿ ಅಡುಗೆ ಮಾಡಿದ, ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿ ಸೈಪಾನ್, ಗುವಾಮ್ ದ್ವೀಪಗಳಲ್ಲಿದ್ದ. ಯುದ್ಧ ಮುಗಿದ ಮೇಲೆ ಸರ್ಕಾರಿ ಕಚೇರಿಗಳಲ್ಲಿ ರಾತ್ರಿ ಪಾಳಿಯ ಜಾಡಮಾಲಿಯಾದ. ಕಸ ಗುಡಿಸುವುದು, ನೆಲ ಒರೆಸುವುದು, ಕಸದ ಬುಟ್ಟಿ ಖಾಲಿ ಮಾಡುವುದು. ಸಾಯುವವರೆಗೂ ಅದೇ ಕೆಲಸ. ಮದುವೆಯಾಗಲಿಲ್ಲ. 1950ರಲ್ಲಿ ಏಳನೇ ಬೀದಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಗ್ಯಾರೇಜನ್ನು ಬಾಡಿಗೆಗೆ ಹಿಡಿದ. 1964ರ ನವೆಂಬರಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಗ್ಯಾರೇಜಿನ ಬಾಗಿಲು ತೆಗೆದಾಗ ಒಳಗೆ ಒಂದು ಸಿಂಹಾಸನ, ಅದರ ಸುತ್ತ ಪೀಠ, ಕಿರೀಟ, ಬಲಿಪೀಠ, ಉಪದೇಶದ ಕಟ್ಟೆ, ಫಲಕ ಎಲ್ಲ ಸೇರಿ ಸುಮಾರು 180 ವಸ್ತುಗಳು ಬೆಳ್ಳಿ ಬಂಗಾರದಂತೆ ಥಳಥಳಿಸುತ್ತಿದ್ದವು. ಒಡಹುಟ್ಟಿದ ಸೋದರಿಗೇ ಅಲ್ಲಿಯತನಕ ಇದರ ಸುಳಿವಿರಲಿಲ್ಲ.

ಜೀವನ ಚರಿತ್ರೆ ಅಷ್ಟೇ. ಇನ್ನು ವಸ್ತುಗಳಿಗೆ ಬರೋಣ, ನನಗೆ ಇಷ್ಟವಾದದ್ದು ಅವೇ.

ಹತ್ತಿರದಿಂದ ನೋಡಿದರೆ ಬಂಗಾರ ಎಲ್ಲೂ ಇಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯ ಕುರ್ಚಿ ಮೇಜುಗಳು, ರಟ್ಟು, ಜಮಖಾನ ಸುತ್ತಿಡುವ ರಟ್ಟಿನ ಕೊಳವೆ, ಸುಟ್ಟುಹೋದ ಬಲ್ಬು, ಜ್ಯಾಮಿನ ಗಾಜಿನ ಲೋಟ, ಕಚೇರಿ ಮೇಜಿನ ಮೇಲೆ ಹಾಸುವ ಶಾಯಿಹೀರು ಕಾಗದ, ಕರೆಂಟಿನ ವೈರು. ಇವನ್ನು ಮೊಳೆ, ಗುಂಡುಸೂಜಿ, ಅಂಟಿನಿಂದ ಕೂಡಿಸಿ ಮೇಲೆ ಬೇಗಡೆ ಹೊದಿಸಿದ್ದಾನೆ. ಸಿಗರೇಟಿನ ಪ್ಯಾಕಿನದು, ವೈನ್ ಬಾಟಲಿಯ ಕತ್ತಿನದು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯದು. ಬೇಗಡೆಯ ನಡುವೆ ಅಲ್ಲಲ್ಲಿ ಮಾಸಲು ಕಂದು ಕಾಗದ ಕಾಣುತ್ತದೆ. ಅದು ಮೊದಲು ಗಾಢ ನೇರಳೆಯಾಗಿತ್ತಂತೆ, ರಾಜರ ಬಣ್ಣ. ಅಗ್ಗದ ಕಾಗದ, ಬೆಳಕಿಗೆ ಬಣ್ಣ ಬಿಟ್ಟಿದೆ. ಈ ವಸ್ತುಗಳಲ್ಲಿ ಹೆಚ್ಚಿನವು ಜೋಡಿ ಜೋಡಿ. ಸಿಂಹಾಸನದ ಒಂದು ಮಗ್ಗುಲಿಗೆ ಹಳೆಯ ಒಡಂಬಡಿಕೆ, ಇನ್ನೊಂದು ಮಗ್ಗುಲಿಗೆ ಹೊಸದು. ನೆತ್ತಿಯ ಮೇಲೆ, ಹೆದರಬೇಡ ಎನ್ನುವ ಅರ್ಥದ ಎರಡು ಪದ.

ಬೇಗಡೆ ಅಂದಾಗ ನನ್ನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ನೆನಪು ಬಾರದಿರುವುದಿಲ್ಲ. ಕುಂದಾಪುರದ ಕಡೆಯವರು. ಬಯಲುಸೀಮೆಯ ನಮ್ಮ ಊರಿಗೆ ವರ್ಗವಾಗಿ ಬಂದು ಕೊನೆಯತನಕ ಇಲ್ಲಿಯ ಬಿಸಿಲಿಗೆ ಬೈದುಕೊಂಡೇ ಇದ್ದರು. ರಜೆಯಲ್ಲಿ ಊರಿಗೆ ಹೋದಾಗ ಯಕ್ಷಗಾನ ಮೇಳದ ಕಿರೀಟ, ಭುಜಕೀರ್ತಿ ದುರಸ್ತಿ ಮಾಡಿಕೊಡುತ್ತಿದ್ದರು. ಮುಗಿಯದ್ದನ್ನು ಚೀಲದಲ್ಲಿ ಹಾಕಿ ಶಾಲೆಗೂ ತರುತ್ತಿದ್ದರು. ಒಮ್ಮೆ ನಾನು ಒಂದು ತುಂಡಿಗೆ ಬೇಗಡೆಯನ್ನು ಬೆರಳಿನಿಂದ ತೀಡಿ ತೀಡಿ ನುಣ್ಣಗೆ ಅಂಟಿಸಿ ತೋರಿಸಿದೆ. ಉಗುರು ಹಾಕಿ ಕಿತ್ತೇಬಿಟ್ಟರು. “ಸಾಪಾಗಿ ಅಂಟಿಸಿದ್ರೆ ತಗಡು ಮಾರಾಯಾ, ಚೂರು ಸುಕ್ಕು ಬಿಟ್ರೆ ಚಿನ್ನ” ಅಂದರು. ದೀಪದ ಬೆಳಕು ಸುಕ್ಕಿನಲ್ಲಿ ಒಡೆದು ಹತ್ತು ಕಡೆ ಚಿಮ್ಮಬೇಕು, ಆಗಲೇ ದೂರ ಕೂತವನಿಗೆ ಅದು ರಾಜನ ಕಿರೀಟ. ಹ್ಯಾಂಪ್ಟನ್ನನಿಗೆ ಈ ಗುಟ್ಟು ಗೊತ್ತಿತ್ತು. ಆತನ ಬೇಗಡೆಯಲ್ಲಿ ನುಣುಪಾದ ಜಾಗ ಹುಡುಕಿದರೂ ಸಿಗುವುದು ಕಷ್ಟ. ನನ್ನ ಮೇಷ್ಟ್ರಿಗೆ ಇದನ್ನು ಮೇಳದ ಹಿರಿಯರು ಹೇಳಿಕೊಟ್ಟಿದ್ದರು. ಹ್ಯಾಂಪ್ಟನ್ನನಿಗೆ ಯಾರು ಹೇಳಿಕೊಟ್ಟರು?

ಆತನ ಉತ್ತರ ಸಿದ್ಧವಾಗಿತ್ತು: ದೇವರು. 1931ರಲ್ಲಿ ಮೋಶೆ ವಾಷಿಂಗ್ಟನ್ನಿನಲ್ಲಿ ಕಾಣಿಸಿಕೊಂಡನೆಂದು ಆತನೇ ಬರೆದಿಟ್ಟಿದ್ದಾನೆ. ಆಮೇಲೆ ಮರಿಯಳು, ಆದಾಮ. ಕೆಲಸ ಮಾಡುವಾಗ ದೇವರು ರಾತ್ರಿಗಳಲ್ಲಿ ಬಂದು ದಾರಿ ತೋರಿಸುತ್ತಾನೆಂದು ನಂಬಿದ್ದ. ಯೋಹಾನನ ಪ್ರಕಟನೆ ಆತನ ಆಧಾರ ಗ್ರಂಥ. ಕ್ರಿಸ್ತ ಮರಳಿ ಬಂದಾಗ ಕೂರಲು ಆಸನ ಬೇಡವೇ? ಅದಕ್ಕೆ ಈ ಸಿಂಹಾಸನ. ಇಲ್ಲಿಯತನಕ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾಗುವುದು ಮುಂದೆ. ನನ್ನ ಸ್ನೇಹಿತರು ವಚನಗಳಲ್ಲಿ ಮುಳುಗೆದ್ದವರು. ಹ್ಯಾಂಪ್ಟನ್ನನ ಫೋಟೋಗಳನ್ನು ತೋರಿಸಿದ ದಿನವೇ “ಇದು ಕಾಯಕ ಕಣ್ರೀ” ಎಂದು ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ. ನಮ್ಮಲ್ಲಿ ಒಂದು ಚಟವಿದೆ: ದೂರದವನೊಬ್ಬ ಶಾಲೆಗೆ ಹೋಗದೆ ಏನಾದರೂ ಮಾಡಿದರೆ ಏಕಲವ್ಯ ಅನ್ನುತ್ತೇವೆ, ಮೈಮುರಿದು ಮಾಡಿದರೆ ಕಾಯಕ ಅನ್ನುತ್ತೇವೆ, ಅಲ್ಲಿಗೆ ಅವನ ಫೈಲು ಮುಚ್ಚಿದಂತೆ. ಕಾಯಕದಲ್ಲಿ ಮಡಿವಾಳನಿಗೆ ಬಟ್ಟೆ ಒಗೆಯುವುದೇ ಪೂಜೆ, ಅಂಬಿಗನಿಗೆ ದೋಣಿ ನಡೆಸುವುದೇ ಪೂಜೆ. ಹ್ಯಾಂಪ್ಟನ್ನನಿಗೆ ನೆಲ ಒರೆಸುವುದು ಪೂಜೆಯಾಗಿತ್ತೆಂದು ಹೇಳಲು ಆಧಾರವೇನು? ನೆಲ ಒರೆಸಿದ್ದು ಸಂಬಳಕ್ಕೆ. ಪೂಜೆ ಇದ್ದದ್ದು ಪಾಳಿ ಮುಗಿದ ಮೇಲೆ, ಮಧ್ಯರಾತ್ರಿಯಿಂದಾಚೆ, ಬಾಡಿಗೆ ಗ್ಯಾರೇಜಿನಲ್ಲಿ. ಎರಡರ ನಡುವೆ ಒಂದು ಬೀಗ ಹಾಕಿದ ಬಾಗಿಲಿತ್ತು. ಹೀಗೆ ವಾದಿಸಿದೆ, ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇದೇ ನನ್ನ ಸಣ್ಣ ಶೋಧ, ಕೇಳುವವರು ಸಿಕ್ಕಿದಲ್ಲೆಲ್ಲ ಹೇಳುತ್ತಿರುತ್ತೇನೆ. ಹ್ಯಾಂಪ್ಟನ್ನನ ಕೃತಿಗೆ ಆತನೇ ಇಟ್ಟ ಹೆಸರು ಉದ್ದದ್ದು: ರಾಷ್ಟ್ರಗಳ ಸಹಸ್ರಮಾನ ಮಹಾಸಭೆಯ ಮೂರನೇ ಸ್ವರ್ಗದ ಸಿಂಹಾಸನ. ತನ್ನನ್ನು ತಾನು ಕರೆದುಕೊಂಡದ್ದು ಸಂತ ಜೇಮ್ಸ್ ಎಂದು. ಅಷ್ಟಕ್ಕೆ ನಿಲ್ಲಲಿಲ್ಲ, ಇನ್ನೊಂದು ಪದವಿಯೂ ಇದೆ: ನಿತ್ಯತ್ವ ರಾಜ್ಯದ ವಿಶೇಷ ಯೋಜನೆಗಳ ನಿರ್ದೇಶಕ. ಇದು ಪ್ರವಾದಿ ಆಡುವ ಮಾತೇ? ವಿಧಾನಸೌಧದ ಯಾವುದೋ ಬಾಗಿಲ ಮೇಲಿನ ಬೋರ್ಡಿನಂತಿಲ್ಲವೇ? ಒಮ್ಮೆ ಇದು ಹೊಳೆದ ಮೇಲೆ ಉಳಿದದ್ದೆಲ್ಲ ಹಾಗೆಯೇ ಕಾಣತೊಡಗಿತು. ಗೋಡೆಗೆ ನೋಟಿಸ್ ಬೋರ್ಡು, ಅದರಲ್ಲಿ ದರ್ಶನವಿಲ್ಲದ ಜನ ನಾಶವಾಗುತ್ತಾರೆನ್ನುವ ಜ್ಞಾನೋಕ್ತಿ. ವಸ್ತುಗಳಿಗೆ ಚೀಟಿ, ಪ್ರವಾದಿಗಳಿಗೂ ಅಪೊಸ್ತಲರಿಗೂ ಹೆಸರಿನ ಫಲಕ. ಒಂದು ದಫ್ತರ, ಅದರ ಪುಟ ಪುಟಕ್ಕೂ ಮೇಲೆ ಸಂತ ಜೇಮ್ಸ್, ಕೆಳಗೆ ಪ್ರಕಟನೆ, ನಡುವೆ ಇಂದಿಗೂ ಯಾರೂ ಓದಲಾಗದ ಆತನದೇ ಲಿಪಿ. ಸಾಲು ಮಾತ್ರ ಪಕ್ಕಾ ಗುಮಾಸ್ತನ ಸಾಲು.

ಆತ ಕಟ್ಟಿದ್ದು ಗುಡಿಯನ್ನಲ್ಲ, ಕಚೇರಿಯನ್ನು. ರಾತ್ರಿ ಹೊತ್ತು ಖಾಲಿ ಕಚೇರಿಗಳಲ್ಲಿ ಓಡಾಡಿದವನು ಆತ. ಸಾಹೇಬರಿಲ್ಲದ ಕುರ್ಚಿ, ಸಭೆಯಿಲ್ಲದ ಸಭಾಂಗಣ, ಎಡಬಲಕ್ಕೆ ಸರಿಸಮನಾಗಿ ಜೋಡಿಸಿದ ಆಸನಗಳನ್ನು ಹಗಲಿನವರು ಆತನಷ್ಟು ಗಮನಿಸಿ ನೋಡಿರಲಾರರು. ಸ್ವರ್ಗವನ್ನು ಕಲ್ಪಿಸಿಕೊಳ್ಳುವ ಹೊತ್ತಿಗೆ ಕೈಗೆ ಸಿಕ್ಕಿದ ಮಾದರಿ ಅದೇ. ಆ ವಾಷಿಂಗ್ಟನ್ ಯಾವುದೆಂಬುದನ್ನೂ ಮರೆಯಬೇಡಿ. 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡುವವರೆಗೆ ಅಲ್ಲಿನ ಹೋಟೆಲುಗಳು ಕಪ್ಪು ಜನರಿಗೆ ಊಟ ಬಡಿಸದೆ ವಾಪಸ್ಸು ಕಳಿಸಬಹುದಿತ್ತು. ಅಂಥ ಊರಿನ ಒಬ್ಬ ಜಾಡಮಾಲಿ ತನಗೆ ತಾನೇ ನಿರ್ದೇಶಕನ ಹುದ್ದೆ ಕೊಟ್ಟುಕೊಂಡ, ಅದೂ ಯಾರೂ ವಜಾ ಮಾಡಲಾಗದ ಸರ್ಕಾರದಲ್ಲಿ. ಇದನ್ನು ಹುಚ್ಚು ಅನ್ನುವವರಿದ್ದಾರೆ. ಹುಚ್ಚನಾದವನು ಹದಿನೆಂಟು ವರ್ಷ ತಪ್ಪದೆ ಪಾಳಿಗೆ ಹೋಗಿ ಬಾಡಿಗೆ ಕಟ್ಟಿಕೊಂಡಿರುತ್ತಿದ್ದನೇ ಎಂದು ಅವರನ್ನು ಕೇಳಬೇಕು.

ಇದು ಹ್ಯಾಂಪ್ಟನ್ನನೊಬ್ಬನ ಕತೆಯೂ ಅಲ್ಲ. ನಾರ್ತ್ ಕೆರೊಲಿನಾದ ಮಿನ್ನೀ ಎವಾನ್ಸ್ 1935ರ ಶುಭ ಶುಕ್ರವಾರದಂದು, ನಲವತ್ತು ದಾಟಿದ ಮೇಲೆ, ಮೊದಲ ಚಿತ್ರ ಬರೆದಳು. ಕನಸುಗಳು ಆಕೆಯನ್ನು ಚಿಕ್ಕಂದಿನಿಂದ ಕಾಡುತ್ತಿದ್ದವು. ಮುಂದೆ ಏರ್ಲಿ ಎಂಬ ಉದ್ಯಾನದ ಗೇಟಿನಲ್ಲಿ ಟಿಕೆಟ್ ಕೊಡುತ್ತ ಕೂತಳು. ಆಕೆಯ ದೇವತೆಗಳು ಹೂವು ಎಲೆಗಳ ನಡುವಿನಿಂದಲೇ ಇಣುಕುತ್ತಾರೆ. ಜಾರ್ಜಿಯಾದ ಹೊವರ್ಡ್ ಫಿನ್‌ಸ್ಟರ್ ಬೋಧಕ, ಜೊತೆಗೆ ಸೈಕಲ್ ರಿಪೇರಿಯವನು. 1976ರಲ್ಲಿ ಸೈಕಲ್ಲಿಗೆ ಬಣ್ಣ ಹಚ್ಚುವಾಗ ಬೆರಳಿಗೆ ಮೆತ್ತಿದ ಬಣ್ಣದಲ್ಲಿ ಒಂದು ಮುಖ ಕಂಡಿತು, ದೈವದ ಚಿತ್ರ ಬರೆ ಎಂಬ ಮಾತು ಕೇಳಿತು. ಅಲ್ಲಿಂದ ಬರೆಯುತ್ತ ಹೋಗಿ ಪ್ರತಿಯೊಂದು ಕೃತಿಗೂ ನಂಬರು ಹಾಕಿದ; ಆ ನಂಬರು ನಲವತ್ತು ಸಾವಿರ ದಾಟಿತು. ಇವರಿಗೆಲ್ಲ ದೇವರು ಬಂದದ್ದು ಕೆಲಸದ ಜಾಗದ ಬಾಗಿಲಿಂದಲೇ. ಕಲಾಶಾಲೆಯಲ್ಲಿ ಕಲಿತವರಿಗೆ ಹಿಂದಿನವರ ಚಿತ್ರಗಳಿಂದ ಸಿಗುವ ಆಕಾರಗಳು ಇವರಿಗೆ ಹೊಟ್ಟೆಪಾಡಿನಿಂದ ಸಿಕ್ಕವು. ಅಧ್ಯಾತ್ಮ ಕೊಟ್ಟದ್ದು ಆಕಾರವನ್ನಲ್ಲ, ಅಪ್ಪಣೆಯನ್ನು: ಮಾಡು, ನಿನ್ನಿಂದ ಆಗುತ್ತದೆ ಎಂಬ ಅಪ್ಪಣೆ. ಬಡವನಿಗೆ ಅಂಥ ಅಪ್ಪಣೆ ಕೊಡುವವರು ಲೋಕದಲ್ಲಿ ಬೇರೆ ಯಾರೂ ಇರುವುದಿಲ್ಲ.

ಅಪ್ಪಣೆ ಕೊಟ್ಟವನು ಹಿಂದಕ್ಕೂ ಪಡೆಯಬಹುದು. ನ್ಯೂ ಆರ್ಲಿಯನ್ಸಿನ ಸಿಸ್ಟರ್ ಗರ್ಟ್ರೂಡ್ ಮಾರ್ಗನ್ ಬೀದಿ ಬೀದಿಯಲ್ಲಿ ಸುವಾರ್ತೆ ಹಾಡಿ ಸಾರಿದವಳು. ತಾನು ಕ್ರಿಸ್ತನ ವಧುವೆಂದು ತಿಳಿದು ಬಿಳಿಯ ಬಟ್ಟೆಯನ್ನೇ ಉಟ್ಟಳು. ಅಕ್ಕಮಹಾದೇವಿಯ ನೆನಪು ನಿಮಗೆ ಈಗಾಗಲೇ ಬಂದಿರುತ್ತದೆ, ಅದನ್ನು ನಾನು ಬೆಳೆಸುವುದಿಲ್ಲ. ಹೆಸರು ಬಂದು, ಚಿತ್ರಗಳು ಮಾರಾಟವಾಗುತ್ತಿದ್ದ ಕಾಲದಲ್ಲಿ, 1974ರಲ್ಲಿ, ಇನ್ನು ಸಾಕೆಂದು ದೇವರು ಹೇಳಿದ್ದಾನೆ ಎಂದು ಕುಂಚ ಕೆಳಗಿಟ್ಟಳು. ಯಾವ ವೃತ್ತಿ ಕಲಾವಿದ ಹೀಗೆ ಮಾಡಿಯಾನು? ಕಲಾಪ್ರಪಂಚ ಇವರಿಗೆಲ್ಲ ಹೊರಗಿನವರು ಎಂದು ಹಣೆಪಟ್ಟಿ ಹಚ್ಚಿದೆ. 1972ರಲ್ಲಿ ರೋಜರ್ ಕಾರ್ಡಿನಲ್ ಎಂಬ ವಿದ್ವಾಂಸ ಬರೆದ ಪುಸ್ತಕದಿಂದ ಆ ಹೆಸರು ಓಡಾಡತೊಡಗಿತು. ಯಾವುದರ ಹೊರಗೆ ಎಂದು ಮಾರ್ಗನ್ನಳನ್ನು ಕೇಳಿದ್ದರೆ ಚೆನ್ನಾಗಿತ್ತು.

ಹ್ಯಾಂಪ್ಟನ್ನನಿಗೆ ತಿರುಗಿ ಬರುತ್ತೇನೆ. ಸಿಂಹಾಸನ 1970ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ವಶಕ್ಕೆ ಬಂತು. ಅಮೆರಿಕನ್ನನೊಬ್ಬ ಮಾಡಿದ ದರ್ಶನಕಲೆಯಲ್ಲೇ ಬಹುಶಃ ಇದು ಶ್ರೇಷ್ಠ ಎಂದು ವಿಮರ್ಶಕ ರಾಬರ್ಟ್ ಹ್ಯೂಸ್ ಹೊಗಳಿದ. ಈಗ ಅದಿರುವ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಮ್ಯೂಸಿಯಂ ಹಿಂದೆ ಅಮೆರಿಕದ ಪೇಟೆಂಟ್ ಕಚೇರಿಯಾಗಿತ್ತು. ಹಳೆಯ ಗ್ಯಾರೇಜಿನಿಂದ ಅದೇ ಏಳನೇ ಬೀದಿಯಲ್ಲಿ ನಡೆದು ಹೋಗಬಹುದಾದಷ್ಟು ದೂರ. 1865ರಲ್ಲಿ ಲಿಂಕನ್ ಎರಡನೇ ಸಲ ಅಧ್ಯಕ್ಷನಾದಾಗ ಸಂಭ್ರಮದ ಔತಣಕೂಟ ನಡೆದದ್ದು ಅಲ್ಲೇ. ಅಂದರೆ ಜಾಡಮಾಲಿ ಕಟ್ಟಿದ ಕಚೇರಿ ಕೊನೆಗೂ ಒಂದು ಸರ್ಕಾರಿ ಕಚೇರಿಯ ಒಳಗೇ ಹೋಗಿ ಕೂತಿತು. ಮಗಳ ಮನೆಗೆ ಹೋಗಿದ್ದಾಗ ಅದನ್ನು ಕಂಡೆ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಶಿಲುಬೆಯ ಗುರುತು ಮಾಡಿಕೊಂಡಳು, ಅವಳ ಹಿಂದಿದ್ದ ಹುಡುಗರು ಸೆಲ್ಫಿ ತೆಗೆದುಕೊಂಡರು. ಕಾವಲಿನವನು ಇಬ್ಬರಿಗೂ ಏನೂ ಅನ್ನಲಿಲ್ಲ.

ಈಗ ನನ್ನ ಕಷ್ಟ ನಿಮಗೆ ಗೊತ್ತಾಗಿರಬೇಕು. ನೆಲ ಒರೆಸುವುದು ಬೇರೆ, ಸಿಂಹಾಸನ ಬೇರೆ ಎಂದು ವಾದಿಸಿ ಗೆದ್ದವನು ನಾನು. ಸಿಂಹಾಸನದ ತುಂಬ ಆ ಕಚೇರಿಯೇ ಇದೆ ಎಂದು ತೋರಿಸಿದವನೂ ನಾನೇ. ಹಾಗಾದರೆ ಆ ಬಾಗಿಲಿಗೆ ನಿಜಕ್ಕೂ ಬೀಗವಿತ್ತೇ? ಕಸದ ಬುಟ್ಟಿ ಖಾಲಿ ಮಾಡುವಾಗ ಹೊಳೆಯುವ ಕಾಗದವೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡ ಆ ಗಳಿಗೆಯಲ್ಲಿ ಆತ ಸಂಬಳದ ಕೆಲಸ ಮಾಡುತ್ತಿದ್ದನೇ, ಪೂಜೆಯನ್ನೇ? ನನ್ನ ಸ್ನೇಹಿತರು ಹೇಳಿದ್ದು ಸರಿಯಿದ್ದರೆ ಕ್ರಿಸ್ತನಿಗೆಂದು ಮಾಡಿದ ಆಸನವನ್ನು ಹಗ್ಗದಾಚೆ ನಿಂತು ಕಲಾಕೃತಿಯೆಂದು ಮೆಚ್ಚುವ ಹಕ್ಕು ನಮಗೆ ಇದೆಯೇ? ಹಾಗೆ ಮೆಚ್ಚದೆ ಇದ್ದಿದ್ದರೆ ಅದು 1964ರಲ್ಲೇ ಕಸದ ಲಾರಿ ಹತ್ತುತ್ತಿರಲಿಲ್ಲವೇ? ಆ ದಫ್ತರವನ್ನು ನಾಳೆ ಯಾರೋ ಕಂಪ್ಯೂಟರ್ ಹಚ್ಚಿ ಓದಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೇ? ಓದಬಾರದೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸಂಶೋಧಕನೆಂದು ಕರೆಸಿಕೊಂಡವನು ಆಡುವ ಮಾತಲ್ಲ ಇದು, ಆದರೂ ಅನ್ನಿಸುತ್ತದೆ.

ಸ್ನೇಹಿತರು ಕೈ ಎತ್ತಿಯಾಗಿದೆ, ಇನ್ನು ಮೈಕು ಅವರಿಗೆ. ಒಂದೇ ವಿನಂತಿ: ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ವಾಷಿಂಗ್ಟನ್ನಿನಲ್ಲಿ ಶ್ವೇತಭವನದ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಎಂಟನೇ ಬೀದಿ, ಜಿ ಬೀದಿ ಕೂಡುವಲ್ಲಿರುವ ಆ ಮ್ಯೂಸಿಯಮ್ಮಿಗೆ ಹೋಗಿ. ಟಿಕೆಟ್ ಇಲ್ಲ.