ನಿರುಪದ್ರವಿ ಮಹಾಮತ್ಸ್ಯ

ಮಂಜೇಶ್ವರದಿಂದ ಮೊದಲುಗೊಂಡು ಕುಂಬಳೆ, ಕಾಸರಗೋಡು, ಬೇಕಲಗಳನ್ನು ಹಾದು ತೃಕ್ಕರಿಪುರದವರೆಗೆ ಚಾಚಿದ ನಮ್ಮ ಕಡಲತೀರದಲ್ಲಿ ಬೂತಾಯಿ ಬಂಗುಡೆಗಳ ರಾಶಿಯನ್ನು ಕಂಡವರು ಅನೇಕರು. ಆದರೆ ಇದೇ ಅರಬ್ಬೀ ಸಮುದ್ರದಲ್ಲಿ, ಜಗತ್ತಿನ ಮತ್ಸ್ಯಗಳೆಲ್ಲಕ್ಕೂ ಹಿರಿದಾದ ತಿಮಿಂಗಿಲ ಶಾರ್ಕ್, ಮೈತುಂಬ ಬಿಳಿಯ ಚುಕ್ಕೆಗಳನ್ನು ಧರಿಸಿ, ಯಾರಿಗೂ ಕೇಡನ್ನು ಬಗೆಯದೆ ಸಂಚರಿಸುತ್ತಿರುವುದೆಂಬುದನ್ನು ಬಲ್ಲವರು ವಿರಳ.

ಗಾತ್ರದಲ್ಲಿ ಇದರ ನಂತರದ್ದು, ಐರ್ಲೆಂಡ್ ಸ್ಕಾಟ್ಲೆಂಡುಗಳ ತಂಪು ಕಡಲಿನಲ್ಲಿ ಬಿಸಿಲು ಕಾಯುವಂತೆ ಮೇಲ್ಮೈಗೆ ಬಂದು ತೇಲುವ ಬಾಸ್ಕಿಂಗ್ ಶಾರ್ಕ್. ಅದು ಬಾಯ್ದೆರೆದು ಮುಂದೆ ಸಾಗುತ್ತ, ಒಳನುಗ್ಗುವ ನೀರನ್ನು ಕಿವಿರುಗಳಲ್ಲಿ ಸೋಸಿ ಆಹಾರವನ್ನು ಉಳಿಸಿಕೊಳ್ಳುವುದು. ನಮ್ಮ ಕಡಲಿನದಾದರೋ ನಿಂತಲ್ಲಿಯೇ ನೀರನ್ನು ಹೀರಿಕೊಳ್ಳಲೂ ಬಲ್ಲುದು. ಹಲ್ಲುಗಳು ಸಾವಿರಾರಿದ್ದರೂ ಅವು ಅತಿ ಸೂಕ್ಷ್ಮ. ಕಚ್ಚಿ ತಿನ್ನುವುದಕ್ಕೆ ಒದಗುವಂಥವಲ್ಲ.

ಮುಂಗಾರಿನಲ್ಲಿ ಗಾಳಿಯ ಪ್ರಭಾವದಿಂದ ತೀರದ ಮೇಲ್ನೀರು ದೂರ ಸರಿದು, ಆಳದ ತಣ್ಣೀರು ತಳದ ಸಾರವನ್ನು ಹೊತ್ತು ಮೇಲೇರಿದಾಗ, ಬಿಸಿಲನ್ನೇ ಆಶ್ರಯಿಸಿ ಬೆಳೆಯುವ ಸೂಕ್ಷ್ಮ ಪ್ಲವಕಗಳೂ ಅವನ್ನು ಮೇದು ಬದುಕುವ ಕಿರುಜೀವಿಗಳೂ ಅಸಂಖ್ಯವಾಗಿ ಹುಟ್ಟುವುವು. ಗೇಣುದ್ದದ ಬೂತಾಯಿಯೂ, 18 ಮೀಟರಿನವರೆಗೆ ಬೆಳೆಯಬಲ್ಲ ಈ ಮಹಾಕಾಯವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಇದನ್ನೇ. ನನಗೆ ಇದಕ್ಕಿಂತ ಆಶ್ಚರ್ಯಕರವಾದ ಸಂಗತಿ ಕಡಲಿನಲ್ಲಿ ಮತ್ತೊಂದಿಲ್ಲ. ಉಣಿಸಿಗಾಗಿ ಬರುವ ಮೀನನ್ನು ಹಿಡಿಯಲೆಂದು ಬೀಸಿದ ಬಲೆಯಲ್ಲಿ, ಅದೇ ಉಣಿಸನ್ನರಸಿ ಬಂದ ಈ ಸಾಧುಜೀವಿಯೂ ಸಿಲುಕಿಕೊಳ್ಳುವುದಕ್ಕೆ ಕಾರಣ ಇಲ್ಲಿಯೇ ಇದೆ.

ಗುಜರಾತಿನ ಸೌರಾಷ್ಟ್ರ ತೀರದಲ್ಲಿ, ದೋಣಿಗಳಿಗೆ ಬಳಿಯುವ ಯಕೃತ್ತಿನ ಎಣ್ಣೆಗಾಗಿಯೂ ಹೊರದೇಶಕ್ಕೆ ಸಾಗುವ ಮಾಂಸಕ್ಕಾಗಿಯೂ ಇದನ್ನು ಹಿಂದೆ ನಿರ್ದಯವಾಗಿ ಕೊಲ್ಲಲಾಗುತ್ತಿತ್ತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನಿನ ಒಂದನೆಯ ಅನುಸೂಚಿಗೆ ಸೇರಿ ಇದು ರಕ್ಷಣೆ ಪಡೆಯಿತು. ಕಾನೂನು ದಂಡವನ್ನು ವಿಧಿಸಬಲ್ಲುದು. ಆದರೆ ಮನಸ್ಸನ್ನು ಒಲಿಸಲು ಬೇರೆಯದೇ ಮಾತು ಬೇಕು. 2004ರಲ್ಲಿ ಆರಂಭವಾದ ರಕ್ಷಣಾ ಅಭಿಯಾನದಲ್ಲಿ ಕಥಾವಾಚಕರಾದ ಮುರಾರಿ ಬಾಪು ಅವರು, ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಹೇಳಿದ ಮಾತು ಅಲ್ಲಿನ ಬೆಸ್ತರ ಹೃದಯವನ್ನು ಮುಟ್ಟಿತು. ಕೊಲ್ಲುತ್ತಿದ್ದ ಕೈಗಳೇ ಬಲೆಯನ್ನು ಕತ್ತರಿಸಿ ಬಿಡತೊಡಗಿದುವು, ಹರಿದ ಬಲೆಗೆ ಸರ್ಕಾರದ ಪರಿಹಾರವೂ ದೊರೆಯತೊಡಗಿತು. ಕೇರಳದ ತೀರದಲ್ಲಿಯೂ ಬೆಸ್ತರು ಹೀಗೆಯೇ ಬಿಟ್ಟುಕೊಟ್ಟ ಪ್ರಸಂಗಗಳಿವೆ.

ಬಲೆಯನ್ನು ಕತ್ತರಿಸುವವನು ತನ್ನ ದಿನದ ದುಡಿಮೆಯನ್ನೂ ಜೀವನೋಪಾಯವನ್ನೂ ಏಕಕಾಲದಲ್ಲಿ ಕತ್ತರಿಸುತ್ತಾನೆ. ಆ ತ್ಯಾಗಕ್ಕೆ ತಕ್ಕ ಪರಿಹಾರವು ತಡವಿಲ್ಲದೆ ಮೊಗವೀರರ ಮನೆಗಳನ್ನು ಮುಟ್ಟಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಿಡಿಸುವುದಾದರೂ ನೀರಿನಲ್ಲಿದ್ದಾಗಲೇ ಆಗಬೇಕು. ಮರಳಿಗೆ ಎಳೆದೊಡನೆ, ನೀರಿನ ಆಸರೆ ತಪ್ಪಿದ ಆ ದೇಹವನ್ನು ಅದರ ಭಾರವೇ ಜಜ್ಜತೊಡಗುವುದು.